ಕರುಳಿನ ತಾಳ, ಒಂದು ತಪ್ಪುಕಾಣಿಕೆ

ಜ್ವರಕ್ಕೆ ಕೂತ ಹುಳಕ್ಕೆ ನಾನು ಸೊಪ್ಪು ಹಾಕಿದ್ದು ನಿಜ. ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ಮದುವೆಯಾಗಿ ಮೇಲೂರಿನ ಮನೆಗೆ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಚಿಕ್ಕಬಳ್ಳಾಪುರದ ಕಾನ್ವೆಂಟಿನಲ್ಲಿ ಓದಿದವಳು. ಕಸೂತಿ ಬರುತ್ತಿತ್ತು, ಇಂಗ್ಲಿಷ್ ಪ್ರಾರ್ಥನೆ ಬರುತ್ತಿತ್ತು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಹಾಕುವುದು ಬರುತ್ತಿತ್ತು. ರೇಷ್ಮೆಹುಳ ಪೊರೆ ಬಿಡುವ ಮೊದಲು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ, ಆಗ ತಟ್ಟೆಗೆ ಒಂದೆಲೆಯನ್ನೂ ಹಾಕಬಾರದು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಎಲ್ಲರೂ ತೋಟಕ್ಕೆ ಹೋಗಿದ್ದರು. ಹುಳದಮನೆಯೊಳಗೆ ಇಣುಕಿದರೆ ತಟ್ಟೆ ತುಂಬ ಹುಳಗಳು ಮೂತಿ ಮೇಲೆತ್ತಿ ನನ್ನನ್ನೇ ನೋಡುವ ಹಾಗೆ ಕಂಡವು. ಪಾಪ, ಹಸಿದಿವೆ ಅಂದುಕೊಂಡು ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿದೆ. ನಾನು ಆಗ ಬಸುರಿ, ಮೊದಲ ತಿಂಗಳುಗಳು.

ಹುಳಗಳು ಕೆಲವು ಬೇಗ ಎದ್ದವು, ಕೆಲವು ತಡವಾಗಿ ಎದ್ದವು, ಆ ಸಲದ ಗೂಡಿನ ಬೆಳೆ ಒಂದೇ ಸಮಕ್ಕೆ ಬರದೆ ಕೆಟ್ಟಿತು. ಅತ್ತೆ ಬೈದರು. ಬೈಯಬೇಕಾದ್ದೇ. ಅದಕ್ಕೆ ನನಗೇನೂ ಬೇಸರವಿಲ್ಲ.

ಆದರೆ ಅದಾದ ಮೇಲೆ ಹುಟ್ಟಿದ ನನ್ನ ಮಗಳ ಕರುಳು ಆಡಲಿಲ್ಲ. ಈ ಎರಡು ಸಂಗತಿಗಳನ್ನು ಒಂದು ದಾರದಲ್ಲಿ ಗಂಟು ಹಾಕಿ, ಆ ದಾರವನ್ನು ನನ್ನ ಕೊರಳಿಗೆ ಕಟ್ಟಿದರು. ಅದಕ್ಕೆ ಆಗ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ನಾನು ದನಿ ಎತ್ತಿ ಮಾತಾಡುವವಳಲ್ಲ. ಸಿಸ್ಟರ್‌ಗಳು ನಮಗೆ ಕಲಿಸಿದ ಮೊದಲ ಪಾಠವೇ ದನಿ ತಗ್ಗಿಸುವುದು. ಹಾಗಾಗಿ ಬರೆಯುತ್ತಿದ್ದೇನೆ.

ಬಾಣಂತನ ಚಿಕ್ಕಬಳ್ಳಾಪುರದ ತವರಿನಲ್ಲಿ. ಮಗು ಹುಟ್ಟಿದಾಗ ಚೆನ್ನಾಗಿಯೇ ಅತ್ತಿತು. ಎಲ್ಲ ಮಕ್ಕಳೂ ಹುಟ್ಟಿದ ಒಂದು ದಿನದಲ್ಲೇ ಕಾಡಿಗೆಯಂಥ ಕಪ್ಪು ಮಲ ಮಾಡುತ್ತಾರಂತೆ. ನನ್ನ ಮಗಳು ಮಾಡಲಿಲ್ಲ. ಎರಡನೆಯ ದಿನವೂ ಇಲ್ಲ. ಹೊಟ್ಟೆ ಉಬ್ಬಿ ಹೊಕ್ಕುಳಿನ ಸುತ್ತ ಚರ್ಮ ಮಿರುಗತೊಡಗಿತು. ಅಮ್ಮ ಗಾಬರಿಯಾಗಲಿಲ್ಲ. ವೀಳ್ಯದೆಲೆಯ ತೊಟ್ಟು ಮುರಿದು, ಹರಳೆಣ್ಣೆಯಲ್ಲಿ ಅದ್ದಿ, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಮಲದ್ವಾರದಲ್ಲಿ ಮೆಲ್ಲಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಗಾಳಿ, ಅದರ ಹಿಂದೆ ಮಲ. ಹೊಟ್ಟೆ ಇಳಿಯಿತು.

"ನೋಡು, ಆಯ್ತು. ನಿಂಗೂ ಹಿಂಗೇ ಮಾಡ್ತಿದ್ದೆ ಕಣೇ" ಅಂದರು.

ಅಂದಿನಿಂದ ಅದು ಸ್ನಾನದ ಜೊತೆಗೆ ಸೇರಿಹೋಯಿತು. ಎಣ್ಣೆ ತಿಕ್ಕುವುದು, ತೊಟ್ಟು ಇಡುವುದು, ನೀರು ಹಾಕುವುದು, ಸಾಂಬ್ರಾಣಿ ಹೊಗೆ ತೋರಿಸುವುದು. ನಮ್ಮ ಕಡೆ ಬಾಣಂತಿ ಇರುವ ಮನೆಯಲ್ಲಿ ತೊಟ್ಟಿಗೆಂದೇ ಎಲೆ ತಂದಿಟ್ಟಿರುತ್ತಾರೆ. ಅದು ಔಷಧಿ ಎಂದು ಯಾರೂ ಅಂದುಕೊಳ್ಳುವುದಿಲ್ಲ. ರೋಗ ಬೇಗ ಗೊತ್ತಾಗದೆ ಉಳಿದದ್ದಕ್ಕೆ ಇದೇ ಕಾರಣವಾಯಿತು.

ಯಾಕೆಂದರೆ ಮಗು ಹಾಲು ಕಕ್ಕತೊಡಗಿದಾಗ ಊರಿನ ಹಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಮೋಶನ್ ಆಗ್ತಿದೆಯಾ?"

"ದಿನಾ ಆಗುತ್ತೆ ಡಾಕ್ಟ್ರೇ" ಎಂದರು ಅಮ್ಮ. ಸುಳ್ಳಲ್ಲ. ದಿನಾ ಆಗುತ್ತಿತ್ತು. ತೊಟ್ಟಿನ ವಿಷಯ ಅಮ್ಮನ ಬಾಯಿಗೂ ಬರಲಿಲ್ಲ, ನನ್ನ ಬಾಯಿಗೂ ಬರಲಿಲ್ಲ. ಮಗುವಿಗೆ ನೀರು ಹಾಕಿದ್ದನ್ನು ಯಾರಾದರೂ ಡಾಕ್ಟರಿಗೆ ವರದಿ ಮಾಡುತ್ತಾರೆಯೇ?

ಡಾಕ್ಟರು ಮಗುವಿನ ಹೊಟ್ಟೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ ನನ್ನ ಕಡೆ ತಿರುಗಿದರು. "ಮೋಶನ್ ಆಗ್ತಿದೆ ಅಂದ್ಮೇಲೆ ಮಗೂದೇನಿಲ್ಲ. ನೀನೇನು ತಿಂತಿದೀಯಮ್ಮ? ಹಲಸಿನ ಹಣ್ಣು ತಿಂದ್ಯಾ? ಕಡ್ಲೆಬೇಳೆ?"

"ಬರೀ ಮೆಣಸಿನ ಸಾರು, ಬೆಳ್ಳುಳ್ಳಿ" ಅಂದೆ.

"ಕಾನ್ವೆಂಟಲ್ಲಿ ಓದಿದೀಯಾ? ಅದಕ್ಕೇ. ಇಂಥೋರಿಗೆ ಹಾಲು ಕುಡಿಸೋ ಪೊಸಿಷನ್ನೇ ಗೊತ್ತಿರಲ್ಲ. ಗಾಳಿ ನುಂಗುತ್ತೆ ಮಗು."

ಅವರ ಮೇಜಿನ ಗಾಜಿನ ಕೆಳಗೆ ಪುಟ್ಟ ಪುಟ್ಟ ಮಕ್ಕಳ ಫೋಟೋಗಳಿದ್ದವು, ಎಲ್ಲ ದುಂಡಗಿನ ಮಕ್ಕಳು. ನಾನು ಅವನ್ನೇ ನೋಡುತ್ತ ಕೂತೆ. ಒಂದು ಬಾಟಲಿ ಹನಿ ಔಷಧಿ ಬರೆದುಕೊಟ್ಟರು. ಮನೆಗೆ ಬಂದು ನಾನು ಬೆಳ್ಳುಳ್ಳಿಯನ್ನೂ ಬಿಟ್ಟೆ. ಹಾಲು ಕಡಿಮೆಯಾಯಿತು. ಆಗ ಹಾಲು ಕಡಿಮೆಯಾದದ್ದೂ ನನ್ನ ತಪ್ಪೇ ಆಯಿತು.

ಮೇಲೂರಿನಿಂದ ಅತ್ತೆ ನೋಡಲು ಬಂದರು. ಅವರ ತವರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಕೋಪ ಬಂದಾಗ, ಮುದ್ದು ಬಂದಾಗ ಎರಡಕ್ಕೂ ತೆಲುಗು ನುಗ್ಗುತ್ತಿತ್ತು. ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತರು. ತುಂಬ ಹೊತ್ತು ಹಾಗೇ ಇದ್ದು ಕೈ ತೆಗೆದು ಅಮ್ಮನಿಗೆ ಹೇಳಿದರು. "ಅಯ್ಯೋ ದೇವುಡಾ, ಒಳಗೆ ಏನೂ ಆಡ್ತಾ ಇಲ್ವಲ್ಲಮ್ಮ. ನಮ್ಮ ಹುಳ ಜ್ವರಕ್ಕೆ ಕೂತಂಗೆ ಕೂತುಬಿಟ್ಟೈತೆ."

ಆಮೇಲೆ ನನ್ನನ್ನು ನೋಡಿದರು. ನೋಟದಲ್ಲೇ ಎಲ್ಲ ಮುಗಿದಿತ್ತು.

"ಕೂತ ಹುಳಕ್ಕೆ ಸೊಪ್ಪು ಹಾಕ್ದಲ್ಲಮ್ಮಾ ನೀನು, ಬಸುರಿ ಆಗಿದ್ಕೊಂಡು. ಹೊಟ್ಟೆ ಒಳಗಿರೋದು ನೋಡ್ತಾ ಇರುತ್ತೆ."

ಅಂಗೈ ಇಟ್ಟು ಒಳಗೆ ಏನೂ ಆಡುತ್ತಿಲ್ಲ ಎಂದು ಹೇಳಿದ್ದು ಅವರೊಬ್ಬರೇ. ಡಾಕ್ಟರಿಗೆ ಗೊತ್ತಾಗಲಿಲ್ಲ, ಅಮ್ಮನಿಗೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅಷ್ಟು ಸರಿಯಾಗಿ ಕಂಡುಕೊಂಡ ಕೈ, ಮರುಕ್ಷಣವೇ ಬೆರಳು ಮಾಡಿ ನನ್ನನ್ನು ತೋರಿಸಿತಲ್ಲ ಎಂಬುದೇ ನನಗೆ ತಡೆಯಲಾಗದ್ದು.

ಈ ಮಾತು ಬೀದಿಯನ್ನೂ ಮುಟ್ಟಿತು. ಎದುರು ಮನೆಯಲ್ಲಿ ಒಬ್ಬರು ಮುಸ್ಲಿಂ ಹೆಂಗಸಿದ್ದರು, ಅವರನ್ನು ಬೀದಿಯವರೆಲ್ಲ ಆಪಾ, ಅಕ್ಕ, ಎಂದೇ ಕರೆಯುತ್ತಿದ್ದೆವು. ಅವರ ಯಜಮಾನರದು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ. ಒಂದು ಸಂಜೆ ಮಗುವನ್ನು ನೋಡಲು ಬಂದವರು ಕೇಳಿಯೇಬಿಟ್ಟರು. "ನಿಮ್ಮ ಸಾಸ್, ಅದೇ ನಿಮ್ಮ ಅತ್ತೆ, ಏನೋ ಅಂದ್ರಂತೆ? ಹುಳಕ್ಕೆ ಸೊಪ್ಪು ಹಾಕಿದ್ದಕ್ಕೆ ಮಗೂ ಹೊಟ್ಟೆ ನಿಂತಿದೆ ಅಂತ?"

ಹೌದೆಂದೆ.

"ಯಾ ಅಲ್ಲಾ! ನೀವು ಊಟ ಹಾಕಿದ್ರಿ. ನಮ್ಮ ಮನೇಲಿ ಮೂರು ತಲೆಮಾರಿಂದ ಗೂಡನ್ನ ಹುಳ ಸಮೇತ ಬಿಸಿನೀರಿಗೆ ಹಾಕಿ ಬೇಯಿಸ್ತಾ ಇದೀವಿ. ಆ ಲೆಕ್ಕದಲ್ಲಿ ನಮ್ಮ ಮಕ್ಕಳಿಗೆ ಏನೇನಾಗ್ಬೇಕಿತ್ತು? ನನ್ನ ದೊಡ್ಡವನ್ನ ನೋಡಿ, ಮೂರು ಪ್ಲೇಟ್ ಬಿರಿಯಾನಿ ತಿಂದು ಇನ್ನೂ ಇದೆಯಾ ಅಂತಾನೆ!"

ಆ ಬಾಣಂತನದಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಹೆರಿಗೆಯ ಹೊಲಿಗೆ ನೋವಾಗುವಷ್ಟು ನಕ್ಕೆ.

ಮಗು ಹಸಿರು ಕಕ್ಕಿದ ದಿನ ಬೆಂಗಳೂರಿಗೆ ಓಡಿದೆವು. ನಮ್ಮವರು, ಅಂದರೆ ನನ್ನ ಗಂಡ, ಮೇಲೂರಿನಿಂದ ನೇರವಾಗಿ ಬಂದು ಸೇರಿಕೊಂಡರು. ದೊಡ್ಡ ಆಸ್ಪತ್ರೆ. ಮಕ್ಕಳ ಆಪರೇಷನ್ ಮಾಡುವ ಡಾಕ್ಟರಮ್ಮ, ನಡುವಯಸ್ಸು, ಬಿಗಿಯಾಗಿ ಹೆಣೆದ ಜಡೆ, ಕೈಗೆ ಬಳೆ ಇಲ್ಲ. ಅವರೂ ಅದೇ ಪ್ರಶ್ನೆ ಕೇಳಿದರು. ಅಮ್ಮ ಅದೇ ಉತ್ತರ ಕೊಟ್ಟರು. ಆದರೆ ಇವರು ಅಲ್ಲಿಗೆ ನಿಲ್ಲಿಸಲಿಲ್ಲ.

"ತಾನಾಗಿಯೇ ಮಾಡುತ್ತಾ, ನೀವು ಏನಾದ್ರೂ ಮಾಡ್ತೀರಾ?"

ಅಮ್ಮ ನನ್ನ ಮುಖ ನೋಡಿದರು. ನಾನೇ ಹೇಳಿದೆ, "ಎಲೆ ತೊಟ್ಟು ಇಡ್ತೀವಿ."

"ಎಷ್ಟು ದಿನದಿಂದ?"

"ಹುಟ್ಟಿದಾಗಿನಿಂದ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಇಡದೇ ಇದ್ದ ದಿನ?"

ಇಡದೇ ಇದ್ದ ದಿನವೇ ಇರಲಿಲ್ಲ. ಈ ಒಂದು ಪ್ರಶ್ನೆಯನ್ನು ಊರಿನ ಡಾಕ್ಟರು ಕೇಳಿದ್ದರೆ ಏನಾಗುತ್ತಿತ್ತು? ನನ್ನ ತಟ್ಟೆಯಲ್ಲಿ ಏನಿದೆ ಎಂದು ಕೇಳಲು ಅವರಿಗೆ ಪುರುಸೊತ್ತಿತ್ತು. ಇದನ್ನು ಕೇಳಲು ಇರಲಿಲ್ಲ. ಊರಲ್ಲಿ ಎಷ್ಟು ಬಾಣಂತಿಯರನ್ನು ನೋಡಿದ್ದಾರೆ ಅವರು! ಎಲೆ ತೊಟ್ಟಿನ ವಿಷಯ ಅವರ ಹೆಂಡತಿಗೂ ಗೊತ್ತಿರುತ್ತದೆ.

ಆಪರೇಷನ್ ಆಯಿತು. ಮಲ ಅಲ್ಲಿಂದಲೇ ಬರಲೆಂದು ಮಗುವಿನ ಹೊಟ್ಟೆಯ ಬಲಗಡೆ ಕರುಳಿನ ತುದಿಯನ್ನು ಹೊರಗೆ ತಂದು ಹೊಲಿದರು. ಗುಲಾಬಿ ಮೊಗ್ಗಿನ ಹಾಗೆ ಇತ್ತು, ಒದ್ದೆಯಾಗಿ. ಕರುಳಿನ ಚೂರುಗಳನ್ನು ಪರೀಕ್ಷೆಗೆ ಕಳಿಸಿದರು. ಡಾಕ್ಟರಮ್ಮ ಅಂದುಕೊಂಡಿದ್ದು ಕರುಳಿನಲ್ಲಿ ನರದ ಕೋಶಗಳೇ ಇಲ್ಲ ಎಂದು. ವರದಿ ಬಂದಾಗ ನರ ಇತ್ತು. ಸ್ನಾಯುವೂ ಇತ್ತು. ಎಲ್ಲ ಇದ್ದೂ ಕರುಳು ಆಡುತ್ತಿರಲಿಲ್ಲ. ಅವರು ಚೂರುಗಳನ್ನು ಬೇರೆ ಊರಿನ ಲ್ಯಾಬಿನಲ್ಲಿದ್ದ ಗೆಳತಿಗೆ ಕಳಿಸಿ, ಬೇರೆ ಬಣ್ಣ ಹಾಕಿ ನೋಡಲು ಹೇಳಿದರು. ಉತ್ತರ ಬರುವವರೆಗೆ ನಾವು ವಾರ್ಡಿನಲ್ಲೇ ಇದ್ದೆವು.

ಉತ್ತರ ಬಂದ ದಿನ ಅವರು ಮಗುವಿನ ಮಂಚದ ಕಬ್ಬಿಣದ ಸರಳಿನ ಮೇಲೆ ಬೆರಳಿನಿಂದ ಟಕ್, ಟಕ್, ಟಕ್ ಎಂದು ಬಡಿದು ತೋರಿಸಿದರು.

"ಹೃದಯಕ್ಕೆ ತಾಳ ಇದೆ ಅಂತ ಗೊತ್ತಲ್ಲ ನಿಮಗೆ. ಕರುಳಿಗೂ ಒಂದು ತಾಳ ಇದೆ. ಇಷ್ಟು ಬೇಗ ಅಲ್ಲ, ನಿಧಾನ. ಆ ತಾಳ ಹಾಕೋದು ನರ ಅಲ್ಲ, ಸ್ನಾಯುವೂ ಅಲ್ಲ. ಎರಡರ ಮಧ್ಯೆ ಬಲೆ ಥರ ಹರಡಿಕೊಂಡಿರೋ ಬೇರೆ ಕೋಶಗಳು. ನಿಮ್ಮ ಮಗೂಲಿ ಅವು ಕಾಣ್ತಾನೇ ಇಲ್ಲ. ಅಲ್ಲೊಂದು ಇಲ್ಲೊಂದು."

ನಮ್ಮವರು ಕೇಳಿದರು, "ಯಾಕೆ ಮೇಡಂ?"

"ಗರ್ಭದಲ್ಲಿ ಕರುಳು ಒಂದು ಎಳೇ ಕೊಳವೆ. ಅದರ ಗೋಡೇಲಿ ಒಂದು ಜಾತಿ ಎಳೇ ಕೋಶ ಇರ್ತವೆ. ಅವು ಸ್ನಾಯುವಾದ್ರೂ ಆಗಬಹುದು, ತಾಳ ಹಾಕೋ ಕೋಶವಾದ್ರೂ ಆಗಬಹುದು. ಅಕ್ಕಪಕ್ಕದ ಕೋಶ ಒಂದು ಸಿಗ್ನಲ್ ಕೊಡುತ್ತೆ. ಆ ಸಿಗ್ನಲ್ ಹಿಡಿಯೋಕೆ ಇದರ ಮೈಮೇಲೆ ಒಂದು ಕೊಂಡಿ ಇರುತ್ತೆ. ಕೊಂಡಿಗೆ ಸಿಕ್ಕರೆ ಇದು ತಾಳ ಹಾಕೋ ಕೋಶವಾಗಿ ಬೆಳೆಯುತ್ತೆ. ಸಿಗಲಿಲ್ಲ ಅಂದ್ರೆ ಸ್ನಾಯು ಥರಾನೇ ಉಳಿದುಬಿಡುತ್ತೆ. ಇಷ್ಟೂ ಇಲಿಗಳಲ್ಲಿ ಈಚೆಗೆ ಕಂಡಿರೋದು. ಮನುಷ್ಯರಲ್ಲೂ ಹೀಗೇ ಅಂತ ನಾನು ಆಣೆ ಮಾಡಲ್ಲ. ಆದರೆ ಕೆಲವು ಮಕ್ಕಳಲ್ಲಿ ಈ ಕೋಶಗಳು ತಡವಾಗಿ ತಯಾರಾಗ್ತವೆ. ಹುಟ್ಟಿದ ಮೇಲೆ, ತಿಂಗಳುಗಟ್ಟಲೆ ಆದ ಮೇಲೆ."

"ಇವಳಿಗೆ ಆಗುತ್ತಾ?"

"ಗೊತ್ತಿಲ್ಲ. ಕಾಯೋಣ. ಮತ್ತೆ ಚೂರು ತೆಗೆದು ನೋಡೋಣ. ಆಗದಿದ್ರೆ ಕಷ್ಟ ಇದೆ, ಸುಳ್ಳು ಹೇಳಲ್ಲ."

ನನಗೆ ಹೈಸ್ಕೂಲಿನ ಜೀವಶಾಸ್ತ್ರದ ತರಗತಿ ನೆನಪಾಯಿತು. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಚಿತ್ರ ಬರೆದು ಗುಲಾಬಿ ಬಣ್ಣ ತುಂಬಿ ಗೆರೆ ಎಳೆದು ಹೆಸರು ಬರೆಯುತ್ತಿದ್ದೆವು. ನನ್ನ ಚಿತ್ರ ಯಾವಾಗಲೂ ಚೊಕ್ಕ. ಆ ಗುಲಾಬಿ ಕೊಳವೆಯನ್ನು ಯಾರು ಅಲ್ಲಾಡಿಸುತ್ತಾರೆ ಎಂದು ನಾನೂ ಕೇಳಿರಲಿಲ್ಲ, ಸಿಸ್ಟರೂ ಹೇಳಿರಲಿಲ್ಲ.

ನಮ್ಮವರು ಮೇಲೂರಿಗೆ ಹೋಗಿ ಮನೆಯವರಿಗೆಲ್ಲ ವಿಷಯ ತಿಳಿಸಿ ಬಂದರು. ಬಂದವರ ಮುಖ ನೋಡಿಯೇ ಏನೋ ಆಗಿದೆ ಅಂದುಕೊಂಡೆ. ಕೇಳಿದೆ.

"ಏನಿಲ್ಲ. ಸಿಗ್ನಲ್ ಬಂದಿಲ್ಲವಂತೆ ಗರ್ಭದಲ್ಲಿ ಅಂತ ಹೇಳ್ದೆ."

"ಅತ್ತೆ ಏನಂದ್ರು?"

"ಬಿಡು ಈಗ."

"ಹೇಳಿ."

ಅವರು ಸ್ಟೂಲಿನ ಕಾಲನ್ನು ನೋಡುತ್ತ ಹೇಳಿದರು. "ಗರ್ಭ ಯಾರದಪ್ಪಾ, ಅವಳದೇ ಅಲ್ವಾ? ಸಿಗ್ನಲ್ ಕೊಡ್ಬೇಕಾದೋಳು ಅವಳೇ ಅಲ್ವಾ? ನಾನು ಹೇಳಿದ್ನೇ ಡಾಕ್ಟ್ರೂ ಹೇಳವ್ರೆ, ಇಂಗ್ಲಿಷಲ್ಲಿ ಹೇಳವ್ರೆ ಅಷ್ಟೆ ಅಂದ್ರು."

"ನೀವೇನಂದ್ರಿ?"

ಅವರು ಏನೂ ಅಂದಿರಲಿಲ್ಲ.

ನೋಡಿ, ಆವರೆಗೆ ನನ್ನ ಮೇಲಿದ್ದದ್ದು ಹುಳದಮನೆಯ ಅಪವಾದ. ಅದನ್ನು ಆಪಾ ನಗೆಯಾಡಿ ಹಾರಿಸಿಬಿಟ್ಟಿದ್ದರು. ಈಗ ವಿಜ್ಞಾನವೇ ಬಂದು ಅದಕ್ಕೆ ಸಾಕ್ಷಿ ಹೇಳಿದ ಹಾಗಾಯಿತು. ನನಗೆ ಎಂಥ ಸಿಟ್ಟು ಬಂತೆಂದರೆ ಡಾಕ್ಟರಮ್ಮನ ಮೇಲೂ ಬಂತು. ಹೇಳುವುದನ್ನು ಪೂರ್ತಿ ಹೇಳಬಾರದಿತ್ತೇ? ಮರುದಿನ ಅವರು ರೌಂಡ್ಸಿಗೆ ಬಂದಾಗ ನಾನು ಎದ್ದು ನಿಂತೆ.

"ಡಾಕ್ಟ್ರೇ, ಆ ಸಿಗ್ನಲ್ ಕೊಡಬೇಕಾದವರು ಯಾರು? ನಾನಾ?"

ಅವರು ಕನ್ನಡಕ ತೆಗೆದರು. "ಯಾರು ಹಾಗಂದ್ರು?"

"ಮನೆಯಲ್ಲಿ."

"ಕೂತ್ಕೊಳ್ಳಿ" ಎಂದು ಮಂಚದ ತುದಿಯಲ್ಲಿ ಅವರೂ ಕೂತರು. "ಅದರಲ್ಲಿ ನೀವು ಇಲ್ಲವೇ ಇಲ್ಲ. ಮಗೂದೇ ಕೋಶ, ಪಕ್ಕದಲ್ಲಿರೋ ಮಗೂದೇ ಇನ್ನೊಂದು ಕೋಶಕ್ಕೆ ಹೇಳೋ ಮಾತು ಅದು. ಕೂದಲಿನ ಅಗಲದಷ್ಟೂ ದೂರ ಹೋಗಲ್ಲ. ನೀವು ತಿಂದದ್ದು, ಮುಟ್ಟಿದ್ದು, ನೋಡಿದ್ದು, ಯಾವುದೂ ಅಲ್ಲಿಗೆ ಹೋಗಿ ಮಧ್ಯೆ ಬಾಯಿ ಹಾಕಿಲ್ಲ."

ಆಮೇಲೆ ನಮ್ಮವರ ಕಡೆ ನೋಡಿ ಅದೇ ಮೆಲುದನಿಯಲ್ಲಿ ಸೇರಿಸಿದರು. "ವಂಶದ್ದು ಏನಾದ್ರೂ ಇದ್ದರೆ, ಅದು ಅಪ್ಪನ ಕಡೆಯಿಂದಲೂ ಬರಬಹುದು. ಅದನ್ನೂ ಮನೇಲಿ ಹೇಳಿ."

ನಮ್ಮವರು ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ ನಿಂತರು. ಅದನ್ನು ಅವರು ಆಗ ಮನೆಯಲ್ಲಿ ಹೇಳಲಿಲ್ಲವೆಂದು ನನಗೆ ಗೊತ್ತು.

ಕಾಯುವ ತಿಂಗಳುಗಳನ್ನು ತವರಿನಲ್ಲೇ ಕಳೆದೆ. ಹೊಟ್ಟೆಯ ಬಾಯಿಂದ ನೀರಾಗಿ ಹೊರಗೆ ಬರುತ್ತಿದ್ದ ಮಲ ತಾಕಿದ ಕಡೆಯೆಲ್ಲ ಚರ್ಮ ಸುಡುತ್ತಿತ್ತು. ಬಿಳಿ ಮುಲಾಮು ಹಚ್ಚಿ, ಹಳೆಯ ವಾಯಿಲ್ ಸೀರೆಗಳನ್ನು ಕತ್ತರಿಸಿ ಮಡಿಸಿ ಕಟ್ಟುತ್ತಿದ್ದೆ. ಎದುರು ಮನೆಯ ಆಪಾ ತಮ್ಮ ಮೆತ್ತನೆಯ ದುಪಟ್ಟಾಗಳನ್ನು ಒಗೆದು ಕಳಿಸುತ್ತಿದ್ದರು. ಗುಲಾಬಿ ಮೊಗ್ಗು ಕೆಂಪಗಿದೆಯೇ, ಕಪ್ಪಾಗಿದೆಯೇ ಎಂದು ಪ್ರತಿ ಸಲ ಬಟ್ಟೆ ಬಿಚ್ಚುವಾಗ ಬಗ್ಗಿ ನೋಡುತ್ತಿದ್ದೆ; ಕಪ್ಪಾದರೆ ಕರುಳಿಗೆ ರಕ್ತ ಸಾಲದು ಎಂದಿದ್ದರು. ಮಗು ಮಾತ್ರ ಆ ಹೊತ್ತಿಗೆಲ್ಲ ಕಾಲು ಝಾಡಿಸಿ ನಗುತ್ತಿತ್ತು. ನಗುವಾಗ ಆ ಮೊಗ್ಗು ಸ್ವಲ್ಪ ಹೊರಗೆ ಬಂದು ಒಳಗೆ ಹೋಗುತ್ತಿತ್ತು.

ನಾಮಕರಣ ಆಗಲಿಲ್ಲ. ಮೇಲೂರಿನಿಂದ ಹೇಳಿ ಕಳಿಸಿದ್ದರು, "ಇರ್ಲಿ, ಆಮೇಲೆ ನೋಡಣ." ಆಮೇಲೆ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಉಳಿಯುತ್ತದೋ ಇಲ್ಲವೋ ತಿಳಿಯದ ಮಗುವಿಗೆ ಹೆಸರೇಕೆ? ನಾವು ಪಾಪು ಪಾಪು ಎಂದೇ ಕರೆದೆವು. ತೊಟ್ಟಿಲಿಗೆ ಹಾಕುವಾಗ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಮೂರನೆಯ ತಿಂಗಳಲ್ಲಿ ಬಾಣಂತಿಯನ್ನು ಕರೆದುಕೊಂಡು ಹೋಗಲು ಬರಬೇಕಾದವರು ಬರಲಿಲ್ಲ. ಐದನೆಯ ತಿಂಗಳಲ್ಲೂ ಬರಲಿಲ್ಲ. ನಮ್ಮವರು ಮಾತ್ರ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡಿ, ಸಂಜೆ ಹೊರಟುಹೋಗುತ್ತಿದ್ದರು. ಒಂದು ಸಲ ಹೊರಡುವಾಗ ಬಾಗಿಲಲ್ಲಿ ನಿಂತು, "ಅಮ್ಮಂಗೆ ಭಯ ಕಣೇ. ಇನ್ನೊಂದು ಮಗು ಆದ್ರೂ ಹಿಂಗೇ ಆಗುತ್ತಾ ಅಂತ ಕೇಳ್ತಾಳೆ" ಅಂದರು. ಕೇಳುವುದು ಭಯವೇ ಇರಬಹುದು. ಆದರೆ ಆ ಭಯಕ್ಕೆಲ್ಲ ನನ್ನ ಹೆಸರು ಇಟ್ಟಿದ್ದರಲ್ಲ.

ಎರಡನೆಯ ಸಲ ಕರುಳಿನ ಚೂರು ತೆಗೆದರು. ಈ ಸಲ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಒಂದು ಗಾಜಿನಲ್ಲಿ ಮೊದಲಿನ ಚೂರು. ಮಸುಕು ನೀಲಿ, ಬೇರೇನಿಲ್ಲ. ಇನ್ನೊಂದರಲ್ಲಿ ಎರಡು ಸ್ನಾಯುಪದರಗಳ ನಡುವೆ ಕಂದು ಬಣ್ಣದ ಸಣ್ಣ ಸಣ್ಣ ಕೋಶಗಳು, ಪ್ರತಿಯೊಂದಕ್ಕೂ ಉದ್ದನೆಯ ಕೈಗಳು, ಒಂದರ ಕೈ ಇನ್ನೊಂದನ್ನು ಮುಟ್ಟಿಕೊಂಡು ಸಾಲಾಗಿ. ಕಸೂತಿಯಲ್ಲಿ ನಾವು ಹಾಕುತ್ತಿದ್ದ ಸರಪಳಿ ಹೊಲಿಗೆಯ ಹಾಗೆ ಕಂಡಿತು.

"ಬಂದಿವೆ ನೋಡಿ" ಅಂದರು. "ಯಾಕೆ ತಡ ಆಯ್ತು ಅಂತ ನನ್ನ ಕೇಳಬೇಡಿ. ನನಗೂ ಗೊತ್ತಿಲ್ಲ. ಪ್ರಪಂಚದಲ್ಲಿ ಯಾರಿಗೂ ಇನ್ನೂ ಪೂರ್ತಿ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಹೇಳಿದ ಮೊದಲ ಮನುಷ್ಯರು ಅವರು. ಆವರೆಗೆ ನನಗೆ ಸಿಕ್ಕಿದವರೆಲ್ಲರಿಗೂ ಕಾರಣ ಗೊತ್ತಿತ್ತು.

ಹೊಟ್ಟೆಯ ಬಾಯಿ ಮುಚ್ಚಿದರು. ವಾರ್ಡಿನಲ್ಲಿ ಒಂದು ಬೆಳಿಗ್ಗೆ ಮಗು ಮುಖ ಕೆಂಪಗೆ ಮಾಡಿಕೊಂಡು ಮುಕ್ಕರಿಯಿತು. ಅಮ್ಮ ಅಭ್ಯಾಸಬಲದಿಂದ ಎಲೆ ಹುಡುಕಲು ಎದ್ದವರು ಹಾಗೇ ನಿಂತರು. ಮಗು ತಾನಾಗಿಯೇ ಮಲ ಮಾಡಿದ ಆ ಬಟ್ಟೆಯನ್ನು ಬಿಚ್ಚಿ ನೋಡಿ ನಾವಿಬ್ಬರೂ ಅತ್ತದ್ದನ್ನು ಕಂಡು ಪಕ್ಕದ ಮಂಚದವರು ಏನೋ ಕೆಟ್ಟದಾಗಿದೆ ಎಂದುಕೊಂಡು ಓಡಿಬಂದರು.

ಮಗು ಗುಣವಾದ ಸುದ್ದಿ ಮೇಲೂರಿಗೆ ಹೋಗಿ ಹೆಚ್ಚು ದಿನ ಆಗಲಿಲ್ಲ, ಅತ್ತೆ ಕಾರು ಮಾಡಿಕೊಂಡು ಬಂದೇಬಿಟ್ಟರು. ಹೂವು, ಹಣ್ಣು, ನನಗೊಂದು ಸೀರೆ, ಮಗುವಿಗೆ ಕಾಲುಗೆಜ್ಜೆ. ಮಗುವನ್ನು ಎತ್ತಿಕೊಂಡು ಹೊಟ್ಟೆಯ ಮೇಲೆ ಅಂಗೈ ಇಟ್ಟರು. "ಬಂಗಾರು ತಲ್ಲಿ! ಗುಡುಗುಡು ಅಂತೈತೆ ನೋಡಮ್ಮ ಒಳಗೆ!" ಅವರ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲ. ನನಗೂ ಆ ಹೊತ್ತಿಗೆ ಎಲ್ಲ ಮರೆತುಬಿಡೋಣ ಅನ್ನಿಸಿತು.

ಆಮೇಲೆ ಸೆರಗಿನ ತುದಿಯಿಂದ ಒಂದು ಅರಿಶಿನದ ಬಟ್ಟೆ ತುಂಡು ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಳಗೊಂದು ನಾಣ್ಯ.

"ತಗೊಳಮ್ಮ. ದೇವರ ಮುಂದೆ ನಿಂತು ತಪ್ಪಾಯ್ತು ಅಂತ ಹೇಳಿ ಗಂಟು ಹಾಕು. ತಪ್ಪುಕಾಣಿಕೆ. ನಮ್ಮನೆ ದೇವರಿಗೆ ತೀರಿಸಿ ಆಮೇಲೆ ಮನೆ ಒಳಗೆ ಹೋಗಣ. ಹನ್ನೆರಡಕ್ಕೆ ರಾಹುಕಾಲ, ಬೇಗ."

"ಯಾವ ತಪ್ಪಿಗೆ ಅತ್ತೆ?"

"ಅದ್ನ ನಾನು ಬಾಯ್ಬಿಟ್ಟು ಹೇಳ್ಬೇಕಾ?"

"ಹೇಳಿ ಅತ್ತೆ. ಯಾವ ತಪ್ಪು ಅಂತ ಗೊತ್ತಿಲ್ಲದೆ ಹೆಂಗೆ ಕಟ್ಟಲಿ?"

ಅಮ್ಮ ನನ್ನ ತೋಳು ಹಿಡಿದರು. ಅತ್ತೆ ಅವರ ಕಡೆ ತಿರುಗಿ, "ನೋಡಿದ್ರಾ ನಿಮ್ಮ ಮಗಳ್ನ? ದೊರೆಸಾನಿ ಪ್ರಶ್ನೆ ಕೇಳ್ತಾಳೆ. ಕೂತ ಹುಳಕ್ಕೆ ಸೊಪ್ಪು ಹಾಕಿದ್ದು ಯಾರು? ಹೊಟ್ಟೇಲಿ ಮಗೂಗೆ ಸಿಗ್ನಲ್ ಕೊಡ್ದೇ ಇದ್ದದ್ದು ಯಾರು?" ಎಂದರು.

"ಹುಳ ಕೆಡಿಸಿದ್ದು ನಾನೇ. ಅದಕ್ಕಾದ್ರೆ ಇವತ್ತೇ ಕಟ್ತೀನಿ, ಬೇಕಾದ್ರೆ ಎರಡು ಕಟ್ತೀನಿ. ಮಗೂಗಾದ್ರೆ ಕಟ್ಟಲ್ಲ. ಅದು ಮಗೂದೇ ಕೋಶ ಮಗೂದೇ ಕೋಶಕ್ಕೆ ಹೇಳ್ಬೇಕಿದ್ದ ಮಾತು. ತಡವಾಗಿ ಹೇಳ್ತು. ಅದರಲ್ಲಿ ನಾನಿರಲಿಲ್ಲ."

"ಓದ್ಕೊಂಡೋರ ಮಾತು!"

ನಮ್ಮವರು ಕಾರಿನ ಹತ್ತಿರ ನಿಂತಿದ್ದವರು ಒಳಗೆ ಬಂದರು. ಇಷ್ಟು ಹೊತ್ತು ಕೇಳಿಸಿಕೊಂಡೇ ಇದ್ದರು. ಬಂದು ಅಂದದ್ದೇನು? "ಕಟ್ಬಿಡೇ, ಹೋಗ್ಲಿ. ಒಂದು ಬಟ್ಟೆ ತುಂಡು ತಾನೆ?"

ಇಡೀ ವರ್ಷದಲ್ಲಿ ನನಗೆ ಅತಿ ಹೆಚ್ಚು ಉರಿದದ್ದು ಈ ಮಾತಿಗೆ. ಅತ್ತೆ ನಂಬಿ ಆಡಿದರು. ಇವರಿಗೆ ನಿಜ ಗೊತ್ತಿತ್ತು. ಮಂಚದ ಪಕ್ಕದಲ್ಲಿ ನಿಂತು ಕಿವಿಯಾರೆ ಕೇಳಿದ್ದರು. ಗೊತ್ತಿದ್ದೂ ಅದು ಅವರಿಗೆ ಒಂದು ಬಟ್ಟೆ ತುಂಡು.

"ಅಷ್ಟೇ ತಾನೆ? ಹಾಗಿದ್ರೆ ನೀವು ಕಟ್ಟಿ" ಎಂದು ಅವರ ಕೈಗೆ ಕೊಟ್ಟೆ. ನನ್ನ ದನಿ ಆಗಲೂ ಏರಲಿಲ್ಲ.

ಅವರು ಆ ಹಳದಿ ಬಟ್ಟೆಯನ್ನು ಹಿಡಿದುಕೊಂಡು ನಿಂತರು. ಕಟ್ಟಲಿಲ್ಲ. ಗೋಡೆ ಗಡಿಯಾರ ನೋಡಿ ಅತ್ತೆ ಎದ್ದರು. ಮಗುವನ್ನು ನನ್ನ ತೊಡೆಗೆ ಹಾಕಿ, ಅದರ ಕಾಲಿಗೆ ತಾವೇ ಗೆಜ್ಜೆ ತೊಡಿಸಿ, ನನ್ನ ಕಡೆ ನೋಡದೆ ಹೊರಟರು, ಅವರ ಹಿಂದೆಯೇ ನಮ್ಮವರೂ. ಕಾರು ಬೀದಿಯ ತಿರುವು ದಾಟಿದ ಮೇಲೆ ಅಮ್ಮ ನನ್ನ ಕಡೆ ತಿರುಗಿದರು. "ಏನೇ ಹಂಗಂದ್ಬಿಟ್ಟೆ? ಮಗು ಉಳೀತಲ್ಲ, ಒಂದು ಗಂಟು ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ನನ್ನ ಪರವಾಗಿ ನಿಲ್ಲಬೇಕಾದ ನನ್ನ ತಾಯಿಯೂ! ಅವತ್ತು ನಾನು ಅಮ್ಮನ ಕೈಯಡುಗೆ ಉಣ್ಣಲಿಲ್ಲ.

ಒಂದು ತಿಂಗಳು ಯಾರೂ ಬರಲಿಲ್ಲ, ನಮ್ಮವರೂ ಬರಲಿಲ್ಲ. ಆಮೇಲೆ ಒಂದು ದಿನ ಬಸ್ಸಿಳಿದು ಒಬ್ಬರೇ ಬಂದು ಹೊಸ್ತಿಲಲ್ಲಿ ನಿಂತು, "ಅಮ್ಮಂಗೆ ಹೇಳಿದೀನಿ" ಎಂದರು.

"ಏನಂತ?"

"ಅದೇ. ಮಗೂದೇ ಕೋಶ, ಮಗೂದೇ ಸಿಗ್ನಲ್ ಅಂತ. ಅಪ್ಪನ ಕಡೆಯಿಂದಲೂ ಬರಬಹುದು ಅಂದಿದ್ದನ್ನೂ ಹೇಳ್ದೆ. ಎರಡು ದಿನ ಊಟ ಹಾಕ್ಲಿಲ್ಲ ನಂಗೆ."

"ಕಾಣಿಕೆ ಕಟ್ಟಬೇಕಾ?"

"ಇಲ್ಲ."

ನಾನು ಮೇಲೂರಿಗೆ ಹೊರಡಲು ಬಟ್ಟೆ ಜೋಡಿಸಿಕೊಂಡೆ.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಮನೆಯಲ್ಲಿ ಹಾಗೆ ಮುಗಿಯುವುದಿಲ್ಲ. ಮಗುವಿಗೆ ಹೆಸರಿಟ್ಟರು, ಅದು ತೆವಳಿತು, ನಡೆಯಿತು, ಮುದ್ದೆ ಸಾರು ಉಂಡಿತು. ಯಾರಾದರೂ ಬಂದು ಹೊಟ್ಟೆಯ ಮೇಲಿನ ಗೆರೆ ನೋಡಿ ಕೇಳಿದಾಗಲೆಲ್ಲ ಅತ್ತೆ, "ನಮ್ಮನೆ ದೇವ್ರು ದೊಡ್ಡದಮ್ಮ, ತಾಯಿ ತಪ್ಪು ಮಾಡಿದ್ರೂ ಮಗೂನ ಕಾಪಾಡ್ತು" ಎನ್ನುವರು. ಕೆಡುವಾಗ ನಾನು, ಸರಿಹೋಗುವಾಗ ದೇವರು! ನಾನು ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಹೊರಗೆ ಬಂದು, "ತಪ್ಪು ಏನೂ ಆಗಿರ್ಲಿಲ್ಲ ಅತ್ತೆ" ಅನ್ನುವೆ. ಬಂದವರಿಗೆ ಮುಜುಗರ. ಅವರು ಪ್ರತಿ ಸಲ ಹೇಳಿದರು, ನಾನು ಪ್ರತಿ ಸಲ ಹೇಳಿದೆ. ಕಾಫಿ ಕೊಡುತ್ತ ಹೇಳಿದೆ, ಮದುವೆಮನೆಯ ಪಂಕ್ತಿಯಲ್ಲಿ ಹೇಳಿದೆ, ಒಮ್ಮೆ ಗೌರಿಬಿದನೂರಿನ ಬಸ್ಸಿನಲ್ಲಿ ಗುರುತಿನವರೊಬ್ಬರ ಮುಂದೆಯೂ ಹೇಳಿದೆ. ನಮ್ಮವರು ಕಿಟಕಿಯಾಚೆ ನೋಡಿದರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹಟವೇ ಎಂದು ಬಂಧುಗಳು ಮಾತಾಡಿಕೊಂಡರು.

ಮಗಳು ಶಾಲೆಗೆ ಹೋಗತೊಡಗಿದ್ದಳು. ಒಂದು ಚಳಿಗಾಲದ ಬೆಳಿಗ್ಗೆ ಜಗಲಿಯಲ್ಲಿ ಅತ್ತೆ ಪಕ್ಕದ ಮನೆಯವರ ಜೊತೆ ಅವರೆಕಾಯಿ ಬಿಡಿಸುತ್ತಿದ್ದರು. ಆಕೆ ಮಗಳ ಹೊಟ್ಟೆಯ ಗೆರೆಯ ಬಗ್ಗೆ ಏನೋ ಕೇಳಿರಬೇಕು. ನಾನು ಬಾಗಿಲವರೆಗೆ ಬಂದು ಬಾಯಿ ತೆರೆಯಲು ತಯಾರಾಗಿ ನಿಂತೆ.

"ಏನಿಲ್ಲಮ್ಮ" ಎಂದರು ಅತ್ತೆ, ಕಾಯಿಯಿಂದ ಕಣ್ಣೆತ್ತದೆ. "ಕರುಳಿಗೆ ತಾಳ ಹಾಕೋವು ಇರ್ತವಂತೆ. ನಮ್ಮ ಹುಡುಗೀಗೆ ತಡವಾಗಿ ಬಂದ್ವು. ಅಷ್ಟೆ."

ನನ್ನ ಹೆಸರು ಅದರಲ್ಲಿರಲಿಲ್ಲ. ಬಾಯಿಗೆ ಬಂದ ಮಾತನ್ನು ಏನು ಮಾಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದೆ. ಅತ್ತೆ ತಲೆ ಎತ್ತಿ, "ಏನು ನೋಡ್ತಾ ನಿಂತಿದೀಯಾ, ಬಂದು ಕಾಯಿ ಬಿಡ್ಸಮ್ಮ" ಎಂದರು. ಹೋಗಿ ಕೂತೆ. ಸಿಟ್ಟು ಹೋಗಿರಲಿಲ್ಲ.